ಹಿಂದೆ ದರ್ಬಾರು, ಮುಂದೆ ಹಲಗೆ

ಎಲ್ಲಕ್ಕೂ ಮೂಲ ಒಂದು ಶೇಂಗಾ ಕಾಳು.

ಬಬಲೇಶ್ವರದ ಬಟ್ಟೆ ಅಂಗಡಿಯ ಶಂಕ್ರೆಪ್ಪ ಒಂದು ಸಂಜೆ ವಿಜಾಪುರದ ಗಾಂಧಿ ಚೌಕಿನಲ್ಲಿ ಬಸ್ಸಿಗಾಗಿ ನಿಂತಿದ್ದಾಗ ಯಾರೋ ಇಂಜಿನಿಯರ್ ಸಾಹೇಬರು ತಾವೇ ಜೀಪು ಓಡಿಸಿಕೊಂಡು ಬಂದರು. ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದಳು. ಆಕೆ ಶೇಂಗಾ ಸುಲಿದು, ಕಾಳಿನ ಕೆಂಪು ಸಿಪ್ಪೆಯನ್ನೂ ಉಜ್ಜಿ ತೆಗೆದು, ಗಂಡನ ಬಾಯಿಗಿಟ್ಟಳು. ಸಾಹೇಬರು ರಸ್ತೆ ನೋಡುತ್ತಲೇ ಬಾಯಿ ತೆರೆದರು. ಜೀಪು ಹೋಯಿತು. ಅದರ ಹಿಂದೆಯೇ ಶಂಕ್ರೆಪ್ಪನ ಬಸ್ಸೂ ಬಂದು ಹೋಯಿತು. ಅವನಿಗೆ ಅದು ಕಾಣಲೇ ಇಲ್ಲ.

ಶಂಕ್ರೆಪ್ಪನಿಗೆ ಮದುವೆಯಾಗಿ ಎಂಟು ವರ್ಷ. ಹೆಂಡತಿ ಕಾಳವ್ವ ಟಿಕೋಟಾದವಳು, ಚೆಂದದ ಹೆಣ್ಣು, ಒಳ್ಳೆಯ ಮಾತುಗಾತಿ ಎಂದು ಊರೆಲ್ಲ ಹೇಳುತ್ತಿತ್ತು. ಆ ಮಾತುಗಾರಿಕೆಯಲ್ಲಿ ಶಂಕ್ರೆಪ್ಪನ ಪಾಲಿಗೆ ಬಂದದ್ದು ಸ್ವಲ್ಪವೇ. ಮನೆ ತುಂಬ ಜನ. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಇವನು ಹಿಂದೆ. ಎತ್ತಿನ ಬಂಡಿಯಲ್ಲಿ ಅವಳು ಒಳಗೆ, ಇವನು ನೊಗದ ಹತ್ತಿರ. ಸಿನಿಮಾಕ್ಕೆ ಹೋದರೆ ಅಲ್ಲಿಯೂ ಹೆಂಗಸರಿಗೆ ಬೇರೆ ಜಾಗ; ಆಟ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ಹುಡುಕಬೇಕು. ಹಗಲು ಬೆಳಕಿನಲ್ಲಿ ಹೆಂಡತಿಯ ಪಕ್ಕದಲ್ಲಿ ಕೂತು ಐದು ಮೈಲು ಹೋಗುವ ಭಾಗ್ಯ ತನಗಿಲ್ಲವೇ ಎಂದು ಆ ಸಂಜೆ ಅವನಿಗೆ ನಿಜವಾಗಿಯೂ ಸಂಕಟವಾಯಿತು.

ಆ ಸಂಕಟದಲ್ಲೇ ಹರಾಜಿನಲ್ಲಿ ಬಂದ ಒಂದು ಉದ್ದನೆಯ ಹಳೇ ಜೀಪನ್ನು ಕೊಂಡುಬಿಟ್ಟ. ಮನೆಯಲ್ಲಿ ಕೇಳಿದವರಿಗೆ ವ್ಯಾಪಾರಕ್ಕೆಂದು ಹೇಳಿದ. ಡ್ರೈವಿಂಗ್ ಕಲಿತ. ವಿಜಾಪುರದ ಬಾಬುಸಾಬನ ಗ್ಯಾರೇಜಿನಲ್ಲಿ ಅದರ ತಗಡು ಬಡಿದು, ಬಣ್ಣ ಹಚ್ಚಿ ಆಗಿತ್ತು. ಇನ್ನು ಉಳಿದದ್ದು ಮೇಲಿನ ಹೊದಿಕೆ ಮತ್ತು ಒಳಗಿನ ಸೀಟು. ಅವುಗಳಲ್ಲಿ ಬಾಬುಸಾಬ ಮೂರು ನಮೂನೆ ತಯಾರಿಟ್ಟಿದ್ದ. ಬಂದು ಆರಿಸಿದರೆ ಮಧ್ಯಾಹ್ನದೊಳಗೆ ಕೂಡಿಸಿ ಕೊಡುವುದಾಗಿ ಹೇಳಿಕಳಿಸಿದ್ದ. ಕಾಳವ್ವ ಅಣ್ಣನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಟಿಕೋಟಾಕ್ಕೆ ಹೋಗಿದ್ದಳು. ಮಕ್ಕಳು ಅಜ್ಜಿಯ ಹತ್ತಿರ ಇದ್ದರು. ಹೋಗುವುದು, ಸೀಟು ಆರಿಸುವುದು, ಟಿಕೋಟಾಕ್ಕೆ ಹೋಗಿ ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬರುವುದು. ಇದರಲ್ಲಿ ತಪ್ಪುವಂಥದ್ದೇನೂ ಇರಲಿಲ್ಲ.

ಮುಂಜಾನೆ ಬಸ್‌ಸ್ಟ್ಯಾಂಡಿಗೆ ಬಂದರೆ ಅಲ್ಲಿ ಮೂವರು ಆಗಲೇ ನಿಂತಿದ್ದರು. ಒಬ್ಬರು ಮನೆಯ ಹಿರಿಯರಾದ ಬಸಗೊಂಡಪ್ಪ ಕಾಕಾ, ಮಡಿ ಧೋತರ ಉಟ್ಟಿದ್ದರು. ಇನ್ನೊಬ್ಬಳು ಅವರ ಅಕ್ಕ ಮುರಿಗೆವ್ವ, ಶಂಕ್ರೆಪ್ಪನ ಸೋದರತ್ತೆ, ಮೈಯಲ್ಲೂ ಮಾತಿನಲ್ಲೂ ತೂಕದವಳು. ಮೂರನೆಯವನು ಪಕ್ಕದ ಮನೆಯ ಕಿರಾಣಿ ಸಂಗಣ್ಣ. ಅವನ ಮೈದುನ ಮಿರಜದಲ್ಲಿ ಲಾರಿ ಇಟ್ಟಿದ್ದನಾದ್ದರಿಂದ ಗಾಲಿ ಇರುವ ಯಾವುದರ ಬಗ್ಗೆಯೂ ಸಂಗಣ್ಣನ ಮಾತೇ ಕೊನೆ.

"ನೀವ್ಯಾಕ ತ್ರಾಸ ತಗೋತೀರಿ ಕಾಕಾ?" ಎಂದ ಶಂಕ್ರೆಪ್ಪ.

"ಎತ್ತು ಕೊಳ್ಳೋವಾಗ ನಾಕು ಮಂದಿ ಹಲ್ಲು ನೋಡ್ತಾರ. ಇದು ಎತ್ತಿಗಿಂತ ದೊಡ್ಡದಲ್ಲೇನು?" ಎಂದರು ಕಾಕಾ, ಮತ್ತು ಬಸ್ಸು ಹತ್ತಿದರು.

ಬಾಬುಸಾಬ ಮೂರು ನಮೂನೆಯನ್ನೂ ಸಾಲಾಗಿ ಇಟ್ಟು ತೋರಿಸಿದ. "ಇದು ಸಾದಾ ರಿ. ಮ್ಯಾಲೆ ತಾಡಪತ್ರಿ, ಕೆಳಗ ಹಲಗಿ. ಇದು ಮಧ್ಯಮ. ತಾಡಪತ್ರಿನ, ಆದರ ಹಲಗಿ ಮ್ಯಾಲೆ ರೆಕ್ಸಿನ್ ಗಾದಿ. ಇದು ದರ್ಬಾರಿ. ತಗಡಿನ ಮಾಳಗಿ, ಗಾಜಿನ ಖಿಡಕಿ, ಹತ್ತಿ ಅರಳಿ ತುಂಬಿದ ಗಾದಿ, ಬೆನ್ನಿಗೂ ಗಾದಿ. ಬೇಕಂದ್ರ ಖಿಡಕಿಗೆ ಅರಿವಿ ಪಡದಿನೂ ಹಾಕಿ ಕೊಡ್ತೀನಿ."

"ಸಾದಾ," ಎಂದ ಸಂಗಣ್ಣ ತಡಮಾಡದೆ. "ಹಲಗಿ ತೆಗೆದ್ರ ಶೇಂಗಾ ಚೀಲ ಹಾಕಬಹುದು."

"ನಿನ್ನ ಶೇಂಗಾ ಚೀಲಾ ತರಾಕ ನಮ್ಮ ಹುಡುಗ ಗಾಡಿ ತಗೊಂಡಾನೇನು?" ಎಂದಳು ಮುರಿಗೆವ್ವ. "ನಾ ಹಲಗಿ ಮ್ಯಾಲೆ ಕುಂತ್ರ ನನ್ನ ಸೊಂಟ ಇಲ್ಲೇ ಬಿಟ್ಟು ಹೋಗಬೇಕಾಗ್ತೈತಿ."

ಶಂಕ್ರೆಪ್ಪ ಇದಾವುದನ್ನೂ ಕೇಳುತ್ತಿರಲಿಲ್ಲ. ಅವನ ಕಣ್ಣು ಕಾಕಾನ ಮೇಲಿತ್ತು. ಕಾಕಾ ನೆಟ್ಟಗೆ ನಡೆದು, ಧೋತರ ಎತ್ತಿ ಹಿಡಿದು, ಡ್ರೈವರನ ಪಕ್ಕದ ಸೀಟಿಗೆ ಹತ್ತಿ ಕೂತುಬಿಟ್ಟಿದ್ದರು. ಅದರ ಮೇಲೆ ಜೀಪಿನ ಜೊತೆಗೇ ಬಂದ ಮೆತ್ತನೆಯ ಗಾದಿ ಇತ್ತು. ಕಾಕಾ ಅದನ್ನು ಒಮ್ಮೆ ಒತ್ತಿದರು, ಒಮ್ಮೆ ಕುಪ್ಪಳಿಸಿದರು, ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು.

"ಇಲ್ಲಿ ಚಲೋ ಐತಿ," ಎಂದರು. "ಗಾಳಿ ಬರ್ತೈತಿ. ಹಾದಿ ಕಾಣತೈತಿ."

ಕಾಕಾನಿಗೆ ಏಳಿ ಎನ್ನುವ ಧೈರ್ಯ ಆ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಹೆಂಡತಿಗಾಗಿ ಜಾಗ ಬೇಕೆಂದು ಬಾಯಿ ಬಿಟ್ಟು ಹೇಳುವುದಕ್ಕಿಂತ ಜೀಪನ್ನು ಮತ್ತೆ ಹರಾಜಿಗೆ ಹಾಕುವುದೇ ಸುಲಭ. ಶಂಕ್ರೆಪ್ಪ ಸ್ವಲ್ಪ ಹೊತ್ತು ಗ್ಯಾರೇಜಿನ ಬೇವಿನ ಗಿಡದ ಕೆಳಗೆ ನಿಂತು ಯೋಚಿಸಿದ. ಬಟ್ಟೆ ವ್ಯಾಪಾರಿಯ ತಲೆ ಅದು. ಗಿರಾಕಿಯ ಕೈಯಲ್ಲಿರುವ ಸೀರೆಯನ್ನು ಕಸಿದುಕೊಳ್ಳಬಾರದು, ಅದಕ್ಕಿಂತ ಚೆಂದದ್ದನ್ನು ಮುಂದೆ ಹಾಸಬೇಕು ಎಂಬುದು ಅವನಿಗೆ ಗೊತ್ತಿತ್ತು.

"ಬಾಬುಸಾಬ," ಎಂದ. "ಹಿಂದ ಪೂರಾ ದರ್ಬಾರಿ ಹಾಕು. ಮುಂದ ನನ್ನ ಬಾಜೂಕಿನ ಗಾದಿ ತೆಗೆದು ಹಲಗಿ ಹಾಕು."

ಬಾಬುಸಾಬ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ಮಾಲಕರ, ಹಂಗ ಯಾರೂ ಮಾಡ್ಸಂಗಿಲ್ರಿ. ರೇಶಿಮಿ ಅಂಗಿ ಹಾಕ್ಕೊಂಡು ಗೋಣಿತಟ್ಟು ಸುತ್ತಿಕೊಂಡಂಗ ಆಗ್ತದ."

"ಮುಂದ ಇಂಜಿನ್ ಕಾವು ಇರತೈತಿ. ಗಾದಿ ಇದ್ರ ಮತ್ತಿಷ್ಟು ಕಾಯ್ತೈತಿ," ಎಂದ ಶಂಕ್ರೆಪ್ಪ, ಕಾಕಾನಿಗೆ ಕೇಳುವಷ್ಟು ಜೋರಾಗಿ. "ಅದೂ ಅಲ್ದ, ಎದುರಿಗೆ ಲಾರಿ ಬಂದು ಬಡದ್ರ ಮೊದಲ ಹೋಗಾಂವ ಮುಂದ ಕುಂತಾಂವನ."

ಕಾಕಾ ನಿಧಾನವಾಗಿ ಕೆಳಗಿಳಿದರು. ಆದರೆ ಅವರ ಜಾಗದಲ್ಲಿ ಸಂಗಣ್ಣ ಹತ್ತಿದ. ಹಲಗೆಯಾದರೂ ತನಗೆ ನಡೆಯುತ್ತದೆ, ಮೈದುನನ ಲಾರಿಯಲ್ಲಿ ಇದಕ್ಕಿಂತ ಗಟ್ಟಿ ಹಲಗೆಯ ಮೇಲೆ ಕೂತವನು ತಾನು ಎಂದ.

"ಕುಂಡ್ರು ಸಂಗಣ್ಣ, ಬಾಳ ಚಲೋ ಆತು," ಎಂದ ಶಂಕ್ರೆಪ್ಪ. "ಮುಂದ ಕುಂತಾಂವ ರೇಡಿಯೇಟರಿಗೆ ನೀರು ಹಾಕಬೇಕು. ಗಾಡಿ ನಿಂತ್ರ ಇಳಿದು ದಬ್ಬಬೇಕು. ಹಳೇ ಇಂಜಿನ್ ಐತಿ, ಮ್ಯಾಲಿಂದ ಮ್ಯಾಲೆ ನಿಂದರತೈತಿ."

ಸಂಗಣ್ಣನಿಗೆ ಆ ಕ್ಷಣದಲ್ಲೇ ಮಂಡಿನೋವು ನೆನಪಾಯಿತು. ಅವನೂ ಇಳಿದು ಹಿಂದೆ ಹೋದ. ಅಷ್ಟರಲ್ಲಿ ಹಿಂದೆ ದರ್ಬಾರಿ ಗಾದಿ ಬಿಗಿದಾಗಿತ್ತು. ಮುರಿಗೆವ್ವ ಅದರ ಮೇಲೆ ಕೂತು, ಕಣ್ಣು ಮುಚ್ಚಿ, "ಯಪ್ಪಾ, ಹಡದವ್ವನ ತೊಡಿ ಇದ್ದಂಗ ಐತಿ," ಎಂದಳು. ಕಾಕಾ ಕೂಡ ಕೂತು ನೋಡಿದರು. ಆದರೆ ಗಾಜಿನಿಂದ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಅವರು ಮತ್ತೆ ಮುಂದಿನ ಸೀಟಿನ ಕಡೆಗೊಮ್ಮೆ ನೋಡಿದರು.

ಶಂಕ್ರೆಪ್ಪ ಆ ನೋಟವನ್ನು ಕಂಡ. "ಬಾಬುಸಾಬ, ಪಡದಿ ಹಾಕಿಬಿಡು," ಎಂದ. "ಎಲ್ಲಾ ಖಿಡಕಿಗೂ ಹಾಕು. ನನ್ನ ಸೀಟಿನ ಹಿಂದನೂ ಒಂದು ಹಾಕು, ಮುಂದಿನ ಧೂಳಿ ಹಿಂದ ಹೋಗಬಾರದು."

ಹಳದಿ ಹೂವಿನ ಪರದೆಗಳು ಹಿತ್ತಾಳೆ ಉಂಗುರಗಳಲ್ಲಿ ಏರಿದವು. ಒಳಗೆ ತಣ್ಣನೆಯ ನೆರಳಾಯಿತು. ಕಾಕಾ ಕಾಲು ಚಾಚಿದರು. ಶಂಕ್ರೆಪ್ಪ ತೆಂಗಿನಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣಿಟ್ಟು, ಜೀಪು ಬಿಟ್ಟ. ಊರು ದಾಟುವ ಮೊದಲೇ ಪರದೆಯ ಹಿಂದಿನಿಂದ ಇಬ್ಬರ ಗೊರಕೆ ಕೇಳಿಸಿತು. ಪಕ್ಕದ ಹಲಗೆ ಖಾಲಿಯಾಗಿತ್ತು. ಒಂದು ಕೈಯಿಂದ ಹೆಗಲ ಮೇಲಿನ ಟವೆಲ್ಲು ತೆಗೆದು ಮಡಿಚಿ ಅದರ ಮೇಲೆ ಹಾಸಿದ. ಅಷ್ಟು ಸುಖವಾಗಿ ಶಂಕ್ರೆಪ್ಪ ಹುಟ್ಟಿದಾಗಿನಿಂದ ಇರಲಿಲ್ಲ.

ಟಿಕೋಟಾದಲ್ಲಿ ಬೀಗರ ಮನೆಯವರೆಲ್ಲ ಹೊರಗೆ ಬಂದರು. ಚಹಾ ಆಯಿತು, ಚುರುಮುರಿ ಆಯಿತು. ಕಾಳವ್ವ ಹಸಿರು ಇಳಕಲ್ ಸೀರೆಯುಟ್ಟು, ತಲೆತುಂಬ ಸೆರಗು ಹೊದ್ದು, ಕೈಯಲ್ಲಿ ಗಂಟು ಹಿಡಿದು ಬಂದಳು. ಶಂಕ್ರೆಪ್ಪ ಆಗಲೇ ತನ್ನ ಸೀಟಿನಲ್ಲಿ ಕೂತಿದ್ದ. ಅವಳು ಯಾರೂ ಹೇಳದೆ ಜೀಪಿನ ಮುಂದಿನಿಂದ ಸುತ್ತಿ ಬಂದು ಅವನ ಪಕ್ಕದ ಸೀಟಿನ ಕಂಬಿಗೆ ಕೈ ಇಟ್ಟಳು. ಶಂಕ್ರೆಪ್ಪನ ಕಿವಿ ಬಿಸಿಯಾಯಿತು.

ಅಲ್ಲಿ ಅವಳು ನಿಂತಳು. ಹಲಗೆಯನ್ನು ನೋಡಿದಳು. ಆಮೇಲೆ ಪರದೆಯನ್ನು ನೋಡಿದಳು, ಒಂದೊಂದಾಗಿ ಎಲ್ಲ ಪರದೆಗಳನ್ನೂ. ಕೈ ತೆಗೆದು ಹಿಂದೆ ಹೋದಳು.

ಅವಳು ಹಿಂದಿನ ಬಾಗಿಲಿಗೆ ಬರುತ್ತಿದ್ದಂತೆ ಕಾಕಾ ಗಡಿಬಿಡಿಯಿಂದ ಕೆಳಗಿಳಿದರು. "ಸಂಗಣ್ಣ, ಇಳಿ. ಸೊಸಿ ಪಡದಿ ಒಳಗ ಕುಂತ ಮ್ಯಾಲೆ ಅಲ್ಲಿ ಗಂಡಸರ ಕೆಲಸಿಲ್ಲ." ಇಬ್ಬರೂ ಮುಂದೆ ಬಂದು ಒಂದೇ ಹಲಗೆಯ ಮೇಲೆ ಕೂತರು. ಟವೆಲ್ಲು ಕಾಕಾನ ಕೆಳಗೆ ಸೇರಿತು. ಸಂಗಣ್ಣನ ಮೊಣಕಾಲುಗಳ ನಡುವೆ ಗೇರಿನ ಕೋಲು ಸಿಕ್ಕಿಕೊಂಡಿತು. ಗೇರು ಬದಲಿಸಬೇಕಾದಾಗಲೆಲ್ಲ ಶಂಕ್ರೆಪ್ಪ ಅವನ ಅಪ್ಪಣೆ ಕೇಳಬೇಕಾಯಿತು.

ಊರು ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಕಾಕಾ ಗಂಟಲು ಸರಿಮಾಡಿಕೊಂಡರು. "ಶಂಕ್ರೂ, ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ. ನೀ ಇಷ್ಟು ಸಂಶಯದ ಮನಷ್ಯಾ ಅಂತ ನನಗ ಗೊತ್ತಿರಲಿಲ್ಲ."

"ಏನ್ರಿ ಕಾಕಾ?"

ಉತ್ತರ ಪರದೆಯ ಹಿಂದಿನಿಂದ ಬಂತು. ಮುರಿಗೆವ್ವನ ಧ್ವನಿ. "ಮನಿಗೆ ಹೊಸಾದು ಏನು ಬಂದ್ರೂ ಸೊಸಿ ಮುಂದಾಗಿ ತರಬೇಕು, ನಮ್ಮ ಮನ್ಯಾಗ ಮೊದಲಿಂದ ನಡದೈತಿ. ಕಾಳವ್ವನ್ನ ನಿನ್ನ ಬಾಜೂಕ ಕುಂಡ್ರಸಿ ತರೋದು ಅಂತ ನಾವು ನಿನ್ನೇನ ಮಾತಾಡಿದ್ವಿ. ಅಕಿಗೂ ಹೇಳಿ ಕಳಿಸಿದ್ದೆ. ಬಸಗೊಂಡ ಮುಂದ ಕುಂತು ಕುಂತು ನೋಡಿದ್ದು ಮತ್ಯಾಕ? ಅಕಿಗೆ ಮೆತ್ತಗ ಆಗ್ತೈತೋ ಇಲ್ಲೋ ಅಂತ."

"ನಾ ಏನೋ ಚಲೋ ಐತಿ ಅಂದೆ," ಎಂದರು ಕಾಕಾ. "ನೀ ಗಾದಿನ ಕಿತ್ತಿಸಿದಿ. ಪಡದಿ ಹಾಕ್ಸಿದಿ. ಹೇಣ್ತಿನ್ನ ಮುಚ್ಚಿ ಇಡಬೇಕಂತ ಗಂಡಗ ಇದ್ರ ನಾವು ನಡುವ ಹೆಂಗ ಬಾಯಿ ಹಾಕೋದು?"

ಶಂಕ್ರೆಪ್ಪ ಬ್ರೇಕಿನ ಮೇಲೆ ಕಾಲಿಟ್ಟ. "ಹಂಗಲ್ರಿ ಕಾಕಾ. ಗಾಡಿ ನಿಂದ್ರಸ್ತೀನಿ. ಅಕಿ ಈಗ ಬೇಕಾದ್ರ ಮುಂದ ಬರ್ಲಿ."

"ನಿಂದ್ರಸಬ್ಯಾಡ," ಎಂದ ಸಂಗಣ್ಣ. "ಹೊಸ ಗಾಡಿ ಮನಿ ಕಡೆ ಮುಖಾ ಮಾಡಿ ಹೊಂಟ್ರ ನಡುವ ನಿಂದರಬಾರದು. ನಮ್ಮ ಮೈದುನ ಮಿರಜದಾಗ ಒಮ್ಮೆ ನಿಂದ್ರಸಿದ್ದ. ಮುಂದ ದಿನಾ ನಿಂತಿತು ಅದು."

"ಬ್ಯಾಡ್ರಿ," ಎಂದು ಪರದೆಯ ಆಚೆಯಿಂದ ಕಾಳವ್ವನ ಧ್ವನಿ ಬಂತು. ಬಹಳ ಮೆತ್ತನೆಯ ಧ್ವನಿ. "ನಾ ಮುಂದ ಕುಂತು ಹೋಗೋದು ನೋಡಾಕಂತ ನಮ್ಮ ಗೆಳತ್ಯಾರು ಊರ ಅಗಸಿ ಬಾಗಿಲದಾಗ ನಿಂತಿದ್ರು. ಅವರೂ ಪಡದಿ ನೋಡಿದ್ರು. ಬಾಳ ಚಲೋ ಅದಾವ."

ಎಂಟು ವರ್ಷದ ಸಂಸಾರದಲ್ಲಿ ಆ 'ಬಾಳ ಚಲೋ' ಎಂಬುದರ ಅರ್ಥ ಶಂಕ್ರೆಪ್ಪನಿಗೆ ಚೆನ್ನಾಗಿ ಗೊತ್ತಾಗಿತ್ತು. ಕಡಿಮೆಯೆಂದರೂ ಒಂದು ತಿಂಗಳು ಅವಳು ಬೇರೆ ಮಾತಾಡುವುದಿಲ್ಲ. ಅವನು ತಲೆಯ ಮೇಲಿನ ಕನ್ನಡಿಯಲ್ಲಿ ನೋಡಿದ. ಹಳದಿ ಹೂವುಗಳು ಬಿಟ್ಟರೆ ಬೇರೇನೂ ಕಾಣಲಿಲ್ಲ. ಎರಡೂ ಕಡೆ ಜೋಳದ ಹೊಲಗಳು ತಣ್ಣಗೆ ಹಿಂದೆ ಸರಿಯುತ್ತಿದ್ದವು.

ಕಾಕಾ ಹಲಗೆಯ ಮೇಲೆ ಮಗ್ಗುಲು ಬದಲಿಸಿದರು. "ಆದದ್ದಾತು. ಅಕಿ ಹಿಂದ ಅಂದ ಮ್ಯಾಲೆ ಇನ್ನ ದಿನಾ ನಾ ಇಲ್ಲೇ ಕುಂಡ್ರಬೇಕು. ನಾಳೆ ಬಾಬುಸಾಬನ ಕಡೆ ಹೋಗಿ ಈ ಹಲಗಿಗೆ ಗಾದಿ ಹಾಕ್ಸಿಬಿಡು."

"ಹೂಂ ಕಾಕಾ," ಎಂದ ಶಂಕ್ರೆಪ್ಪ.