ಅಮ್ಮನ ಚಪ್ಪಡಿ ಮತ್ತು ಮೂರು ಇಲಾಖೆಗಳ ಒಮ್ಮತ

ಜನ ಒಬ್ಬರನ್ನೊಬ್ಬರು ಪೂರ್ತಿ ಅರ್ಥಮಾಡಿಕೊಂಡರೆ ಜಗತ್ತು ಸುಖವಾಗಿರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬದೆ ವಿಧಿಯಿರಲಿಲ್ಲ, ನನಗೆ ಸಂಬಳ ಬರುವುದೇ ಆ ನಂಬಿಕೆಯಿಂದ. ದೊಡ್ಡನೆಕ್ಕುಂದಿಯ ಒಂದು ಕಂಪನಿಯಲ್ಲಿ ನನ್ನ ಕೆಲಸವೇನೆಂದರೆ, ರಸ್ತೆಯವರು, ನೀರಿನವರು, ಕರೆಂಟಿನವರು, ಈ ಮೂವರ ಕಂಪ್ಯೂಟರುಗಳೂ ಬೀದಿಯಲ್ಲಿರುವ ಒಂದು ವಸ್ತುವನ್ನು ಒಂದೇ ಅರ್ಥದಲ್ಲಿ ತಿಳಿಯುವ ಹಾಗೆ ಮಾಡುವುದು. ಇದಕ್ಕೆ ಆಫೀಸಿನಲ್ಲಿ ‘ಆಂಟಾಲಜಿ’ ಎನ್ನುತ್ತಾರೆ. ನನ್ನ ಹೆಂಡತಿ ಸುಮಾ ‘ಅದೇನೋ ಹೆಸರಿಡೋ ಕೆಲಸ’ ಎನ್ನುತ್ತಾಳೆ. ಯಾರ ಮನೆಯ ನಾಮಕರಣಕ್ಕೆ ಹೋದರೂ ನೆಂಟರು ತಟ್ಟನೆ ನನ್ನ ಕಡೆ ತಿರುಗುವುದಕ್ಕೆ ಅವಳೇ ಕಾರಣ.

ಹೊರಗಿನವರಿಗೆ ಇದು ಸುಲಭ ಅನಿಸಬಹುದು. ನನಗೂ ಅನಿಸಿತ್ತು. ಮೊದಲ ಮೀಟಿಂಗಿನಲ್ಲಿ, “ರಸ್ತೆ ಅಂದ್ರೇನು, ಹೇಳಿ” ಎಂದು ಕೇಳಿಬಿಟ್ಟೆ. ರಸ್ತೆಯ ಇಂಜಿನಿಯರ್ ಶೈಲಜಾ ಮೇಡಂ, “ನಾವು ಟಾರು ಹಾಕಿರೋದಷ್ಟೂ ರಸ್ತೆ” ಎಂದರು. ನೀರಿನ ಕಡೆಯ ಬಸವರಾಜಪ್ಪ ದಾವಣಗೆರೆಯವರು, ಸಮಾಧಾನದ ಮನುಷ್ಯ. “ನಮಗೆ ಪೈಪಿನ ಮ್ಯಾಲಿನ ಮುಚ್ಚಳಾನೇ ರಸ್ತೆ ನೋಡ್ರೀ” ಎಂದರು. ಕರೆಂಟಿನ ನಾಗೇಶ್, “ಕಂಬ ನಿಲ್ಸೋಕೆ ಬಿಡದೇ ಇರೋ ಜಾಗ ಸಾರ್” ಎಂದ. ಚರಂಡಿಯ ಅಂಚು ರಸ್ತೆಗೆ ಸೇರಿದ್ದೋ ಚರಂಡಿಗೆ ಸೇರಿದ್ದೋ ಎಂಬ ಒಂದೇ ವಿಚಾರಕ್ಕೆ ಅದೆಷ್ಟು ತಟ್ಟೆ ಮದ್ದೂರು ವಡೆ ಮುಗಿದವೋ! ಕೊನೆಗೆ ನಾನೇ ಒಂದು ನಿಯಮ ಮಾಡಿದೆ. ಬೀದಿಯಲ್ಲಿರುವ ಪ್ರತಿ ವಸ್ತುವಿಗೂ ಒಂದು ಹೆಸರು, ಒಬ್ಬ ವಾರಸುದಾರ ಇರಬೇಕು. ವಾರಸುದಾರರಿಲ್ಲದ್ದು ಏನಿದ್ದರೂ ‘ಅಡಚಣೆ’, ಅದನ್ನು ತೆಗೆದುಬಿಡಬಹುದು. ಮೂವರೂ ಒಪ್ಪಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಉಬ್ಬಿಹೋಗಿ, “ಇದರ ಪ್ರಯೋಗ ನಮ್ಮ ಬೀದಿಯಿಂದಲೇ ಶುರುವಾಗಲಿ” ಎಂದುಬಿಟ್ಟೆ.

ಇಲ್ಲಿ ಅಮ್ಮನ ಚಪ್ಪಡಿಯ ವಿಷಯ ಹೇಳಬೇಕು. ನಮ್ಮದು ದೊಡ್ಡನೆಕ್ಕುಂದಿ ಇನ್ನೂ ಹಳ್ಳಿಯಾಗಿದ್ದ ಕಾಲದ ಮನೆ. ಗೇಟಿನ ಪಕ್ಕದಲ್ಲಿ ಚರಂಡಿಗೆ ಅಡ್ಡಲಾಗಿ ಅಪ್ಪ ಒಂದು ಕಲ್ಲು ಚಪ್ಪಡಿ ಹಾಕಿಸಿದ್ದರು. ಸಂಜೆಯಾದರೆ ಅಮ್ಮ ಅದರ ಮೇಲೆ ಆಸೀನಳಾಗುತ್ತಾಳೆ, ಅಕ್ಕಪಕ್ಕದ ಗೆಳತಿಯರೂ ಬಂದು ಸೇರುತ್ತಾರೆ. ಅವರೆಕಾಯಿ ಕಾಲದಲ್ಲಿ ಅವರೆಕಾಯಿ ಸುಲಿಯುತ್ತಾರೆ, ಉಳಿದ ಕಾಲದಲ್ಲಿ ಸೊಸೆಯಂದಿರನ್ನು. ಮಂಡಿನೋವಿನಿಂದಾಗಿ ಅಮ್ಮ ಯಾರ ಮನೆಯ ಮೆಟ್ಟಿಲನ್ನೂ ಹತ್ತಲಾರಳು. ಹಾಗಾಗಿ ಅವಳ ಪಾಲಿಗೆ ಊರು ಎಂದರೆ ಆ ಚಪ್ಪಡಿಯೇ, ಅದು ಹೋದರೆ ಅವಳಿಗೆ ಉಳಿಯುವುದು ಟೀವಿ ಮತ್ತು ನಾನು.

ಆ ಚಪ್ಪಡಿಯನ್ನು ತೆಗೆಸಲು ಹಿಂದೆಯೂ ಜನ ಬಂದಿದ್ದುಂಟು. ರಸ್ತೆಯವರು ಬಂದರೆ ಅಮ್ಮ, “ಅದು ನೀರ್ನೋರು ಆಕಿರೋದು ಕಣಪ್ಪ, ಅವ್ರನ್ನ ಕೇಳು” ಎನ್ನುತ್ತಿದ್ದಳು. ನೀರಿನವರು ಬಂದರೆ, “ಕೆಳಗಡೆ ಕರೆಂಟೈತೆ, ಮುಟ್ಟೀಯಾ!” ಎಂದು ಹೆದರಿಸುತ್ತಿದ್ದಳು. ಕರೆಂಟಿನವರಿಗೆ ರಸ್ತೆಯವರ ಹೆಸರು. ಪ್ರತಿಯೊಬ್ಬರೂ ಇನ್ನೊಬ್ಬರನ್ನು ಕೇಳಿಕೊಂಡು ಬರುತ್ತೇವೆಂದು ಹೋಗುತ್ತಿದ್ದರು. ಒಬ್ಬರಿಗೊಬ್ಬರು ಮಾತಾಡುವ ಅಭ್ಯಾಸವೇ ಇಲ್ಲದ್ದರಿಂದ ಯಾರೂ ಮರಳಿ ಬರುತ್ತಿರಲಿಲ್ಲ. ಇದನ್ನೆಲ್ಲ ಕಂಡು ನಕ್ಕವನು ನಾನೇ. ಆದರೂ ಮೀಟಿಂಗಿನಲ್ಲಿ ಇದೊಂದೂ ನೆನಪಿಗೆ ಬರಲಿಲ್ಲ ನೋಡಿ.

ಪ್ರಯೋಗದ ದಿನ ನಾನು ಗೇಟಿನ ಬಳಿ ನಿಂತಿದ್ದಂತೆ ಮೂವರೂ ಒಂದೇ ಜೀಪಿನಲ್ಲಿ ಬಂದಿಳಿದರು, ಕೈಯಲ್ಲಿ ಒಂದೇ ಟ್ಯಾಬು. ಅಮ್ಮ ಎಂದಿನ ಧೈರ್ಯದಲ್ಲಿ, “ಇದು ಕರೆಂಟ್ನೋರ್ದು ಕಣವ್ವ” ಎಂದಳು. “ನಮ್ದಲ್ಲ ಅಜ್ಜಿ” ಎಂದು ನಾಗೇಶ್ ಪಕ್ಕದಲ್ಲೇ ನಿಂತು ನುಡಿದ. “ಅಂಗಾರೆ ರೋಡ್ನೋರ್ದು.” ಶೈಲಜಾ ಮೇಡಂ ನಗುತ್ತ ತಲೆಯಾಡಿಸಿದರು. “ನೀರ್ನೋರ್ದೇ ಇರ್ಬೇಕು, ಮರ್ತೋಗೈತೆ.” “ನಮ್ದೂ ಅಲ್ರೀ ಯವ್ವಾ” ಎಂದರು ಬಸವರಾಜಪ್ಪ, ಪಾಪ, ನಿಜವಾಗಿಯೂ ಬೇಸರದಿಂದ. ಟ್ಯಾಬಿನಲ್ಲಿ ಚಪ್ಪಡಿ ಕೆಂಪಗೆ ಹೊಳೆಯಿತು: ‘ಅಡಚಣೆ.’

ಅಮ್ಮ ಮೂವರ ಮುಖವನ್ನೂ ನೋಡಿ, “ನೀವು ಮೂರು ಜನಾನೂ ಒಬ್ರಿಗೊಬ್ರು ಮಾತಾಡೋ ಅಂಗೆ ಮಾಡ್ದೋನು ಯಾವನು?” ಎಂದು ಕೇಳಿದಳು.

“ನಿಮ್ಮ ಮಗನೇ ಅಮ್ಮಾ! ತುಂಬಾ ಬುದ್ಧಿವಂತ್ರು” ಎಂದರು ಶೈಲಜಾ ಮೇಡಂ ಅಭಿಮಾನದಿಂದ.

ಅಮ್ಮ ನನ್ನನ್ನು ನೋಡಿದಳು. ನಾನು ಚರಂಡಿಯನ್ನು ನೋಡಿದೆ. ಅಷ್ಟು ಕಿರಿದಾದ ಚರಂಡಿಯಲ್ಲಿ ನನ್ನಂಥ ದಪ್ಪ ಮನುಷ್ಯ ಅಡಗುವುದು ಸಾಧ್ಯವಿರಲಿಲ್ಲ.

ಬಂದವರು ಒಳ್ಳೆಯವರು. ಚಪ್ಪಡಿಯನ್ನು ಒಡೆಯದೆ ಎತ್ತಿ, “ಕಾಂಪೌಂಡ್ ಒಳಗೆ ಎಲ್ಲಿ ಇಡೋಣ?” ಎಂದು ಕೇಳಿದರು. ಒಳಗೆ ಇದ್ದದ್ದು ನನ್ನ ಕಾರು ನಿಲ್ಲುವ ಜಾಗವೊಂದೇ. ಅಮ್ಮ ಅತ್ತ ಬೆರಳು ತೋರಿಸಿದಳು. ಹೀಗಾಗಿ ಈಗ ಅಮ್ಮನ ಸಭೆ ನೆರಳಿನಲ್ಲಿ, ಇಟ್ಟಿಗೆಗಳ ಮೇಲಿಟ್ಟ ಚಪ್ಪಡಿಯ ಮೇಲೆ ನಡೆಯುತ್ತದೆ. ಸುಮಾಳ ಕಾಫಿ ಸರಬರಾಜೂ ಹತ್ತಿರವಾಗಿ, ಗೆಳತಿಯರ ಸಂಖ್ಯೆ ಹೆಚ್ಚಿದೆ. ಕಾರು ಮಾತ್ರ ಬೀದಿಯಲ್ಲಿ ಬಿಸಿಲು ಕಾಯುತ್ತಿದೆ.

ಮೊನ್ನೆ ಬೆಳಿಗ್ಗೆ ನಾನು ದೋಸೆ ತಿನ್ನುತ್ತಿದ್ದಾಗ ಗೇಟಿನ ಬಳಿ ನಾಗೇಶನ ದನಿ ಕೇಳಿತು. “ಅಜ್ಜಿ, ಈ ಕಾರು ಯಾರ್ದು? ಕೇಬಲ್ ಎಳೀಬೇಕು, ಅಡ್ಡ ಬರ್ತಾ ಇದೆ.” ನಾನು ನಿಶ್ಚಿಂತೆಯಿಂದ ಚಟ್ನಿ ಹಾಕಿಸಿಕೊಂಡೆ. ಮೂರು ಇಲಾಖೆಗಳಿಂದ ಕಲ್ಲನ್ನು ಅಷ್ಟು ಕಾಲ ಕಾಪಾಡಿದವಳು ಮಗನ ಕಾರನ್ನು ಬಿಟ್ಟುಕೊಟ್ಟಾಳೆಯೇ?

ಅಮ್ಮ ಅವರೆಕಾಯಿಯಿಂದ ತಲೆ ಎತ್ತದೆ ಹೇಳಿದಳು: “ಅದು ಯಾರ್ದೂ ಅಲ್ಲ ಕಣಪ್ಪ. ಎತ್ಕೊಂಡೋಗಿ.”

ನನ್ನ ಆಂಟಾಲಜಿ ನಮ್ಮ ಮನೆಯಲ್ಲಿ ಒಬ್ಬರಿಗಾದರೂ ಇಷ್ಟು ಚೆನ್ನಾಗಿ ಅರ್ಥವಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಚಟ್ನಿ ಮೆತ್ತಿದ ಕೈಯನ್ನು ಮೇಲೆತ್ತಿಕೊಂಡು, “ನಂದು, ನಂದು” ಎಂದು ಕೂಗುತ್ತ ಬೀದಿಗೆ ಓಡಿದೆ.