ಬೋರಣ್ಣನಿಗೊಂದು ಹಾರ

ಬೆಳಿಗ್ಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಿಟ್ಟು ಕಾಯಿಸಿ, ನಮ್ಮವರ ಹಳೆಯ ಪಂಚೆಯನ್ನು ಅಂಗಳದಲ್ಲಿ ಹಾಸಿ ಸಂಡಿಗೆ ಇಟ್ಟು ಮುಗಿಸಿದ್ದೆ. ಇನ್ನು ಫುಟ್‌ಬಾಲಿನ ವಿಷಯ. ಸಂಡಿಗೆ ಇಡುವವಳಿಗೆ ಫುಟ್‌ಬಾಲ್ ಏನು ತಿಳಿದೀತು ಎಂದು ಹುಬ್ಬೇರಿಸಬೇಡಿ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸೀಟಿ ಹಿಡಿದು ನಮ್ಮನ್ನು ಆಡಿಸುತ್ತಿದ್ದರು. ಸಾಲದ್ದಕ್ಕೆ, ಗುತ್ತಲು ಊರಿನ ನಮ್ಮ ಮನೆಯ ಗಿಡ್ಡ ಕಾಂಪೌಂಡಿನ ಆಚೆಗೇ ಕ್ಲಬ್ಬಿನ ಮೈದಾನ. ಬಲೆಯಿಲ್ಲದ ಗೋಲುಕಂಬಗಳು ನಮ್ಮ ಅಂಗಳಕ್ಕೇ ನೇರ. ಮೊದಲರ್ಧದಲ್ಲಿ ಈ ಕಡೆ ಹೊಡೆಯುವವರು ನಮ್ಮ ಕ್ಲಬ್ಬಿನವರೇ; ಅವರ ಚೆಂಡು ಕಂಬದವರೆಗೆ ಬರುವುದೇ ಅಪರೂಪವಾದ್ದರಿಂದ ಭಯವಿರಲಿಲ್ಲ. ಎರಡನೆಯ ಅರ್ಧದಲ್ಲಿ ಎದುರಾಳಿಗಳು ಹೊಡೆಯುತ್ತಿದ್ದರು. ಆಗ ಕಂಬದ ಮುಂದೆ ಬೋರಣ್ಣ ನಿಲ್ಲುತ್ತಿದ್ದ.

ಬಲಗಾಲಿನ ಹೆಬ್ಬೆರಳಿಗೆ ಸದಾ ಬಟ್ಟೆ ಸುತ್ತಿಕೊಂಡ, ಎದುರಾಳಿಗಳನ್ನು ತಡೆಯುವ ಬ್ಯಾಕ್ ಆಟಗಾರ. ಅವನು ಓಡಿದ್ದನ್ನು ಕಂಡವರು ಕಡಿಮೆ. ನೆಂಟರು ಬಾಗಿಲು ತಟ್ಟುವ ಮೊದಲೇ ಅನ್ನಕ್ಕಿಟ್ಟ ಗೃಹಿಣಿಯಂತೆ, ಚೆಂಡು ಬರುವ ಜಾಗದಲ್ಲಿ ಮೊದಲೇ ನಿಂತಿರುತ್ತಿದ್ದ. ಜನ ಅದನ್ನು ಸೋಮಾರಿತನ ಅಂದರು. ನಾನು ಮೆಚ್ಚಿದ್ದು ಆ ಆಟವನ್ನೇ. ಏನು ಮಾಡುವುದು, ಸಂಡಿಗೆಯೂ ಅದೇ ಕಡೆ ಒಣಗುತ್ತಿತ್ತು.

ಅವನಿಗೆ ಮಳವಳ್ಳಿಗೆ ವರ್ಗವಾಗಿತ್ತು. ಆ ಸಂಜೆಯದೇ ಕೊನೆಯ ಆಟ. ಕ್ಲಬ್ಬಿನಲ್ಲಿ ಹಾರ ಬೀಳುವುದು ಗೋಲು ಹೊಡೆದವರ ಕೊರಳಿಗೆ ಮಾತ್ರ. ಕ್ಲಬ್ಬಿನ ಕಾರ್ಯದರ್ಶಿಗಳಾದ ನಮ್ಮವರನ್ನು ತಿಂಡಿಯ ಹೊತ್ತಿಗೇ ಕೇಳಿದೆ.

"ಅವನಿಗ್ಯಾಕೆ ಹಾರ? ಇಷ್ಟು ವರ್ಷದಲ್ಲಿ ಒಂದು ಗೋಲು ಹೊಡೆದಿದಾನೇನೆ?"

"ಬೇರೆಯವರಿಗೆ ಹೊಡೆಯೋಕೆ ಬಿಟ್ಟಿದಾನೇನ್ರೀ?"

ಅವರು ಉಪ್ಪಿಟ್ಟಿನ ಕಡೆ ತಿರುಗಿದರು. ನಾನು ಹಿತ್ತಲಿನ ಕನಕಾಂಬರ ಕಟ್ಟಲು ಕೂತೆ.

ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕಲ್ಲ, ಆದ್ದರಿಂದ ವಿರಾಮದಲ್ಲೇ ಮೈದಾನಕ್ಕೆ ಹೋದೆ. ಗೆರೆಯಾಚೆ ನಿಂತಿದ್ದ ಬೋರಣ್ಣನಿಗೆ ಹಾರವನ್ನು ನಮ್ಮವರ ಕೈಯಿಂದ ಹಾಕಿಸಿ, ನಾನು ನಾಲ್ಕು ಮಾತು ಶುರುಮಾಡಿದೆ. ಶಾಲೆಯಲ್ಲಿ ಭಾಷಣಕ್ಕೆ ಬಹುಮಾನ ತಗೊಂಡವಳು, ನಾಲ್ಕು ಮಾತು ನಲವತ್ತಾಯಿತು. "ಸಾಕು ಬುಡ್ರವ್ವ, ನಾನೇನ್ ಮಾಡಿವ್ನಿ ಅಂತಾದ್ದು!" ಎಂದು ಬೋರಣ್ಣ ಕೈಮುಗಿದು ತಲೆ ತಗ್ಗಿಸಿದ. ಸೀಟಿ ಊದಿದ್ದು ನನಗೆ ಕೇಳಿಸಲಿಲ್ಲ. ಕೇಳಿಸಿದರೂ, ಹೆಂಗಸೊಬ್ಬಳು ಮಾತಾಡುತ್ತಿರುವಾಗ ಬಿಟ್ಟು ಓಡುವ ಜಾಯಮಾನ ಅವನದಲ್ಲ. "ಇವರು ನಿಂತ ಜಾಗದಲ್ಲಿ..." ಎನ್ನುವಷ್ಟರಲ್ಲಿ ಅವನು ನಿಲ್ಲದ ಜಾಗದಿಂದ ಚೆಂಡು ನುಗ್ಗಿ, ಕಂಬಗಳ ನಡುವೆ ಹಾದು, ಕಾಂಪೌಂಡು ಹಾರಿ, ಪಂಚೆಯ ಮಧ್ಯಕ್ಕೆ ಬಿತ್ತು.

ಕೊನೆಗೆ ಆ ಒಂದು ಗೋಲಿನಿಂದಲೇ ನಾವು ಸೋತೆವು. ಇಷ್ಟು ದಿನ ಅವನನ್ನು ಸೋಮಾರಿ ಅಂದಿದ್ದ ಕ್ಯಾಪ್ಟನ್ನೇ ಗೋಲು ಬಿದ್ದ ಕೂಡಲೇ ತಲೆ ಚಚ್ಚಿಕೊಂಡಿದ್ದ: "ಥೂ! ಬೋರಣ್ಣ ಒಳಗಿದ್ದಿದ್ರೆ ಇಂಗಾಯ್ತಿರ್ನಿಲ್ಲ ಕಣ್ಲಾ!" ಹಾರ ಹಾಕಿಕೊಂಡೇ ನಿಂತಿದ್ದ ಬೋರಣ್ಣ ಮೊದಲ ಸಲ ತಲೆಯೆತ್ತಿ ನಕ್ಕ. ನನ್ನ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಮುಕ್ತಾಯ ಬೇಕಿರಲಿಲ್ಲ. ಅವನ ಬೆಲೆ ಊರಿಗೆ ತಿಳಿಯಿತು, ತಿಳಿಸಿದವಳು ನಾನು.

ದೀಪ ಹಚ್ಚಿ ಬಂದು, ಹೆಮ್ಮೆಯಿಂದಲೇ ಪುಡಿಯಾದ ಸಂಡಿಗೆ ಆರಿಸುತ್ತಿದ್ದೆ. ಪಕ್ಕದ ಮನೆಯ ನಿಂಗಮ್ಮ ಗೋಡೆಯ ಮೇಲಿಂದ ಇಣುಕಿದರು.

"ಅಲ್ಲ ಕಣವ್ವ, ಆಟ ಮುಗುದ್ಮೇಲೆ ಆಕುದ್ರೆ ಊವೇನ್ ಬಾಡೋಯ್ತಿತ್ತಾ?"