ಕರೆಂಟ್ ಒಲೆಯೂ ಅಮ್ಮನ ಒದ್ದೆ ಸೀರೆಯೂ

ಹೊಸ ಸಾಮಾನೊಂದನ್ನು ಮನೆಗೆ ತಂದವನಿಗೆ ಅದರ ಜೊತೆಗೇ ಒಂದಿಷ್ಟು ಪಾಂಡಿತ್ಯವೂ ಬಂದುಬಿಡುತ್ತದೆ. ನನಗೂ ಹಾಗೇ ಆಯಿತು. ಆಗ ರಾಜಾಜಿನಗರ ಇನ್ನೂ ತಲೆಯೆತ್ತುತ್ತಿದ್ದ ಕಾಲ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೌದೆಗೆ ಮಾಗಡಿ ರಸ್ತೆಯವರೆಗೆ ಹೋಗಬೇಕು. ಮಳೆಗಾಲದಲ್ಲಿ ಆ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ. ಅಮ್ಮನ ಕಣ್ಣು ಸದಾ ಕೆಂಪು. ಅದನ್ನು ನೋಡಲಾರದೆ ಒಂದು ಸಂಜೆ ಆಫೀಸಿನಿಂದ ಬರುವಾಗ ಕರೆಂಟ್ ಒಲೆ ತಂದೆ. ಸ್ವಿಚ್ ಹಾಕಿದರೆ ಅದರ ಸುರುಳಿ ತಂತಿ ಕೆಂಪಗೆ ಕಾಯುತ್ತಿತ್ತು.

ಅಮ್ಮ ದೂರದಿಂದಲೇ ನೋಡಿ, "ಇದ್ರಲ್ಲಿ ಬೆಂಕಿ ಎಲ್ಲೋ?" ಎಂದಳು.

"ಆ ತಂತಿಯೇ ಬೆಂಕಿ ಕಣಮ್ಮ."

"ಹಾಗಾದ್ರೆ ಅಗ್ನಿಗೆ ಅಂತ ಒಂದಗುಳು ಅನ್ನ ಎಲ್ಲಿ ಹಾಕ್ಲಿ?"

ಇದಕ್ಕೆ ಅಂಗಡಿಯವನು ಉತ್ತರ ಹೇಳಿಕೊಟ್ಟಿರಲಿಲ್ಲ. ಅವನು ಹೇಳಿದ್ದನ್ನಷ್ಟೇ ನಾನು ಗಂಭೀರವಾಗಿ ಒಪ್ಪಿಸಿದೆ: ಕೈ ಒಣಗಿರಬೇಕು, ಮರದ ಮಣೆಯ ಮೇಲೆ ನಿಲ್ಲಬೇಕು, ಪಾತ್ರೆ ಇಡುವ ಮುಂಚೆ, ಇಳಿಸುವ ಮುಂಚೆ ಸ್ವಿಚ್ ಆರಿಸಬೇಕು. ಇಷ್ಟು ಹೇಳುತ್ತಿರುವಾಗಲೇ ನನಗೆ ಇನ್ನೊಂದು ನೆನಪಾಯಿತು. ಮಳೆಗಾಲದಲ್ಲಿ ಅಮ್ಮನ ಮಡಿಸೀರೆ ಒಣಗುತ್ತಲೇ ಇರಲಿಲ್ಲ. ಅವಳು ಒದ್ದೆಯದನ್ನೇ ಉಟ್ಟು ಅಡುಗೆಗೆ ನಿಲ್ಲುವವಳು.

"ಒದ್ದೆ ಸೀರೆಯಲ್ಲಿ ಇದರ ಹತ್ತಿರ ಬರಕೂಡದಮ್ಮ. ಷಾಕ್ ಹೊಡೆದ್ರೆ ಪ್ರಾಣಕ್ಕೇ ಅಪಾಯ."

"ಮಡಿ ಬಿಡು ಅಂತೀಯಾ? ನಂಗೆ ಹೊಗೆಯೇ ಇರ್ಲಿ ಬಿಡಪ್ಪ."

ಒಲೆ ಮೂಲೆ ಸೇರುವುದರಲ್ಲಿತ್ತು. ನನ್ನ ಹೆಂಡತಿ ಸರಸು ಮೆಲ್ಲಗೆ, "ಅತ್ತೆ, ಪಟ್ಟೆ ಸೀರೆ ಒಣಗಿದ್ರೂ ಮಡಿಯೇ ಅಲ್ವಾ?" ಎಂದಳು. ಮರುದಿನ ಅಮ್ಮ, ಹಬ್ಬಕ್ಕೆಂದು ಎತ್ತಿಟ್ಟಿದ್ದ ಹಳೆಯ ಪಟ್ಟೆ ಸೀರೆ ಉಟ್ಟು, ಸೆರಗು ಬಿಗಿಯಾಗಿ ಸಿಕ್ಕಿಸಿ ಮಣೆ ಹತ್ತಿದಳು. "ಬೇಳೆ ಬೇಯಿಸೋಕೆ ರೇಷ್ಮೆ ಉಡೋಳು ಈ ಬಡಾವಣೆಗೆಲ್ಲ ನಾನೊಬ್ಳೇ ಇರ್ಬೇಕು" ಎಂದು ಗೊಣಗಿದರೂ, ಆ ಗೊಣಗಾಟದಲ್ಲಿ ಸ್ವಲ್ಪ ಜಂಬವೂ ಇತ್ತು. ಕೆಲವೇ ವಾರಗಳಲ್ಲಿ ಕಣ್ಣಿನ ಕೆಂಪು ಇಳಿಯಿತು. ನಾನು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮ, ಸ್ವಿಚ್ಚು, ಮಣೆ" ಎನ್ನುವುದನ್ನು ಬಿಡಲಿಲ್ಲ.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ, ಒದ್ದೆ ಮೈಗೆ ರಾತ್ರಿಯ ಮೈಲಿಗೆ ಪಂಚೆಯನ್ನೇ ಸುತ್ತಿಕೊಂಡು ಬರುತ್ತಿದ್ದೆ. ಅಮ್ಮ ಅತ್ತ ತಿರುಗಿ ಅಕ್ಕಿ ತೊಳೆಯುತ್ತಿದ್ದಳು. ಒಲೆಯ ಮೇಲೆ ಹಾಲು ಬುಸ್ಸೆಂದು ಮೇಲೇರಿತು. ಆಫೀಸಿನ ಹೊತ್ತು, ಕಾಫಿ ಹೋಯಿತಲ್ಲ ಎಂದು ಬರಿಗಾಲಲ್ಲೇ ನುಗ್ಗಿ, ತೊಟ್ಟಿಕ್ಕುವ ಕೈಯನ್ನು ಪಾತ್ರೆಗೆ ಚಾಚಿದೆ. ಮುಟ್ಟುವಷ್ಟರಲ್ಲಿ ಯಾರೋ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ನಾನು ಗೋಡೆಗೆ ತಗಲಿ ನಿಂತೆ. ಅಮ್ಮ ಸೆರಗಿನಿಂದ ತನ್ನ ಕೈ ಒರೆಸಿಕೊಂಡು, ಮಣೆ ಹತ್ತಿ ಸ್ವಿಚ್ ಆರಿಸಿದಳು. ಹಾಲೆಲ್ಲ ಉಕ್ಕಿ ಹರಿಯಿತು. ಅತ್ತ ಯಾರೂ ನೋಡಲಿಲ್ಲ.

"ಅಮ್ಮ, ನನ್ನನ್ನ ಮುಟ್ಟಿಬಿಟ್ಯಲ್ಲ, ಮಡಿ..." ಎಂದೆ.

"ಇನ್ನೊಂದ್ಸಲ ನೀರು ಹಾಕ್ಕೊಂಡ್ರೆ ಮಡಿ ಬರತ್ತೆ ಕಣೋ" ಎಂದಷ್ಟೇ ಹೇಳಿ ಬಚ್ಚಲಿಗೆ ನಡೆದಳು.

ಆಮೇಲೆ ಬೀದಿಯ ಎರಡು ಮೂರು ಮನೆಗಳಿಗೆ ಇಂಥದೇ ಒಲೆ ಬಂತು. ಹೆಂಗಸರು ನಮ್ಮ ಅಮ್ಮನನ್ನೇ ಕೇಳಲು ಬರುತ್ತಿದ್ದರು. ಅವಳು ಎಲ್ಲವನ್ನೂ ವಿವರವಾಗಿ ಹೇಳಿ ಕೊನೆಗೆ, "ಒಲೆ ಏನೂ ಮಾಡಲ್ಲಮ್ಮ, ಒಳ್ಳೇದೇ. ಗಂಡಸರನ್ನ ಮಾತ್ರ ಹತ್ತಿರ ಸೇರಿಸ್ಬೇಡಿ" ಎನ್ನುತ್ತಿದ್ದಳು. ನಡುಮನೆಯಲ್ಲಿದ್ದ ನಾನು ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದು, ಅದಾಗಲೇ ಓದಿ ಮುಗಿಸಿದ್ದ ಪುಟವನ್ನೇ ಮತ್ತೆ ಓದುತ್ತಿದ್ದೆ.